ಮೊದಲ ವಾಚು ವಾಪಸ್ ಬಂತು

ಆನ್‌ಲೈನ್ ಹರಾಜಿನಲ್ಲಿ ನಾನು ಮಾರಿದ ಮೊದಲ ವಾಚು ಹದಿನೆಂಟು ದಿನಕ್ಕೆ ನಮ್ಮ ಮನೆಗೇ ವಾಪಸ್ ಬಂತು. ಕೆಂಪು ಡಯಲ್‌ನ ಎಚ್‌ಎಂಟಿ, ಪೈಲಟ್ ಅನ್ನುವ ಮಾದರಿ. ಹಳೇ ವಾಚುಗಳ ಒಂದು ಫೇಸ್‌ಬುಕ್ ಗುಂಪಿನಲ್ಲಿ ಹರಾಜಿಗೆ ಹಾಕಿದ್ದೆ. ಪುಣೆಯವರೊಬ್ಬರು 2,600 ರೂಪಾಯಿಗೆ ಹಿಡಿದರು. ನಾನು ಕೊಂಡದ್ದು 900ಕ್ಕೆ. ಆ ರಾತ್ರಿ ಹೆಂಡತಿಯ ಮುಂದೆ "ನೋಡು, ಒಂದೇ ವಾಚಿಗೆ 1,700" ಅಂತ ಜಂಬ ಕೊಚ್ಚಿಕೊಂಡಿದ್ದೆ. ವಾಪಸ್ ಬಂದ ಡಬ್ಬಿಯಲ್ಲಿ ಒಂದು ಚೀಟಿ ಇತ್ತು. ಡಯಲ್ ಒರಿಜಿನಲ್ ಅಲ್ಲ, ಹಳೆಯದರ ಮೇಲೆ ಬಣ್ಣ ಬಳಿದು ಮತ್ತೆ ಪ್ರಿಂಟ್ ಮಾಡಿದ್ದು, ದಯವಿಟ್ಟು ದುಡ್ಡು ಕಳಿಸಿ ಅಂತ. ಬೈಗುಳ ಇರಲಿಲ್ಲ. ಬೈದಿದ್ದರೆ ನಾನೂ ವಾದಕ್ಕೆ ಇಳಿಯುತ್ತಿದ್ದೆನೇನೋ.

ದುಡ್ಡು ಕಳಿಸಿದೆ. ಎರಡು ಕಡೆಯ ಅಂಚೆ ಖರ್ಚೂ ನನ್ನದೇ ಆಯಿತು. ಮಾರನೇ ದಿನ ಆ ವಾಚನ್ನು ಜೇಬಿಗೆ ಹಾಕಿಕೊಂಡು ನಮ್ಮ ಬಡಾವಣೆಯ ರಿಪೇರಿ ತಾತನ ಹತ್ತಿರ ಹೋದೆ.

ನಮ್ಮದು ತುಮಕೂರು. ಇಲ್ಲಿ ಎಚ್‌ಎಂಟಿ ಅಂದರೆ ಬರೀ ವಾಚಲ್ಲ. ಓಣಿಯಲ್ಲಿ ಒಬ್ಬರಾದರೂ ಅಲ್ಲಿ ದುಡಿದವರು ಸಿಗುತ್ತಾರೆ. ಹಿಂದುಸ್ತಾನ್ ಮಷೀನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ವಾಚಿನ ಕಾರ್ಖಾನೆ ಬಂತು. ಆಮೇಲೆ ತುಮಕೂರಿನಲ್ಲೂ ಒಂದು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಅಲ್ಲಿಯವರೆಗೆ ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ವಾಚುಗಳಿಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂತು. ನಾನೂ ಆ ಗಾಳಿಗೆ ಬಿದ್ದವನೇ.

ತಾತ ಐ ಗ್ಲಾಸ್ ಅನ್ನುವ ಪುಟ್ಟ ಭೂತಗನ್ನಡಿ ಕಣ್ಣಿಗೆ ಸಿಗಿಸಿಕೊಂಡು ಪೈಲಟ್ ನೋಡಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಇದ್ಯಾವ ಪೈಲಟ್ಟಪ್ಪಾ, ಮದುವೆಗೆ ಹೊರಟಂಗೈತಲ್ಲ" ಅಂದರು.

ಆಮೇಲೆ ಐ ಗ್ಲಾಸ್ ನನ್ನ ಕೈಗೆ ಕೊಟ್ಟು ಒಂದೊಂದೇ ತೋರಿಸಿದರು. ಅಂಚಿನಲ್ಲಿರುವ ನಿಮಿಷದ ಗೆರೆಗಳು ಹನ್ನೆರಡು, ಮೂರು, ಆರು, ಒಂಬತ್ತರ ಗುರುತಿಗೆ ನೇರ ಕೂರಬೇಕು. ಇದರಲ್ಲಿ ಆರರ ಹತ್ತಿರ ಕೂದಲೆಳೆಯಷ್ಟು ಜರುಗಿತ್ತು. ಎಚ್‌ಎಂಟಿ ಅನ್ನುವ ಅಕ್ಷರಗಳ ಅಂಚು ಚೂಪಾಗಿರಬೇಕು. ಇಲ್ಲಿ ಶಾಯಿ ಹೀರಿದ ಕಾಗದದ ಹಾಗೆ ಹರಡಿತ್ತು. ಕತ್ತಲಲ್ಲಿ ಹೊಳೆಯಲಿ ಅಂತ ಹಾಕುವ ಚುಕ್ಕೆಗಳು ಒಂದು ದಪ್ಪ, ಒಂದು ಸಣ್ಣ. ಡಯಲ್‌ನ ಅಂಚಿಗೆ ಉಗುರು ತಾಗಿಸಿದರೆ ಬಣ್ಣದ ಪದರ ಕೈಗೆ ಸಿಗುತ್ತಿತ್ತು. ನಲವತ್ತು ವರ್ಷದ ವಾಚಿನ ಡಯಲ್ ಇಷ್ಟು ಮಿರಿಮಿರಿ ಮಿಂಚುವುದೇ ಮೊದಲ ಅನುಮಾನ ಅಂದರು. ಕೇಸಿನ ಮೇಲೆ ಗೀರುಗಳಿವೆ, ಗಾಜು ಮಬ್ಬಾಗಿದೆ, ಡಯಲ್ ಮಾತ್ರ ನಿನ್ನೆ ಹುಟ್ಟಿದ ಹಾಗಿದೆ ಅಂದರೆ ಹೇಗೆ?

ಹಿಂಬದಿ ಮುಚ್ಚಳ ತೆಗೆದು ಮೆಷಿನ್ ತೋರಿಸಿದರು. ಅದರ ಮೇಲೆ 0231 ಅಂತ ಕೆತ್ತಿತ್ತು. ಕೀ ಕೊಡುವ ಎಷ್ಟೋ ಎಚ್‌ಎಂಟಿಗಳ ಒಳಗಿರುವುದು ಇದೇ ಮೆಷಿನ್. ಪೈಲಟ್‌ನಲ್ಲೂ ಇದೇ, ಜನತಾ ಮಾದರಿಯಲ್ಲೂ ಇದೇ. ಅದಕ್ಕೇ ಈ ಮೋಸ ಸುಲಭ. ಯಾವುದೋ ಕಡಿಮೆ ಬೆಲೆಯ ವಾಚಿನ ಡಯಲ್‌ಗೆ ಬಣ್ಣ ಬಳಿದು ಪೈಲಟ್ ಅಂತ ಪ್ರಿಂಟ್ ಮಾಡಿದರೆ ಮೆಷಿನ್ ನೋಡಿ ಮೋಸ ಗೊತ್ತಾಗುವುದಿಲ್ಲ, ಅದು ಸರಿಯಾಗೇ ಕೂರುತ್ತದೆ. ಪೈಲಟ್ ಅಂದರೆ ಕಣ್ಣಿಗೆ ಬರುವುದು ಕಪ್ಪು ಡಯಲ್. ಕೆಂಪು, ಹಳದಿ, ಗಿಳಿ ಹಸಿರು ಕಂಡರೆ ಜೇಬಿಗೆ ಕೈ ಹಾಕುವ ಮೊದಲು ಐ ಗ್ಲಾಸ್‌ಗೆ ಹಾಕು ಅನ್ನುವುದು ಅವರ ಮಾತು. ಜವಾನ್ ಅಂತ ಬರೆದಿರುವುದರ ಬಗ್ಗೆ ಇನ್ನೂ ಹುಷಾರಾಗಿರು ಅಂದರು. ಸೈನ್ಯದ ಹೆಸರಿಗೆ ಜನ ಜಾಸ್ತಿ ಕೊಡುತ್ತಾರೆ, ಆದ್ದರಿಂದ ನಕಲಿಯೂ ಜಾಸ್ತಿ.

ಆ ಹೊತ್ತಿಗೆ ನನ್ನ ಹತ್ತಿರ ಇನ್ನೂ ಆರು ವಾಚು ಇದ್ದವು. ಸಂಜೆ ಎಲ್ಲವನ್ನೂ ತಂದು ಬೆಂಚಿನ ಮೇಲೆ ಸುರಿದೆ. ನಾಲ್ಕು ಬಣ್ಣ ಬಳಿದವು.

ಅಲ್ಲಿಂದ ಮೂರು ತಿಂಗಳು ಏನೂ ಕೊಳ್ಳಲಿಲ್ಲ, ಸುಮ್ನೆ ನೋಡಿದೆ. ಹರಾಜು ಗುಂಪುಗಳಲ್ಲಿ ಯಾವ ವಾಚು ಎಷ್ಟಕ್ಕೆ ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೇಳಿದ ಬೆಲೆಯನ್ನಲ್ಲ, ಹೋದ ಬೆಲೆಯನ್ನು. ಈ ವ್ಯತ್ಯಾಸ ಗೊತ್ತಿಲ್ಲದೆ ಕೈ ಸುಟ್ಟುಕೊಂಡವರು ಬಹಳ. ಯಾರೋ ಒಬ್ಬ ಮಾಮೂಲಿ ಜನತಾಗೆ 8,000 ಅಂತ ಹಾಕಿರುತ್ತಾನೆ. ಅದು ಆರು ತಿಂಗಳಿಂದ ಅಲ್ಲೇ ಕೂತಿರುತ್ತದೆ. ಅದನ್ನು ನೋಡಿ ಹಳ್ಳಿಯ ಅಜ್ಜನೊಬ್ಬರು "ಎಂಟು ಸಾವಿರಕ್ಕೆ ಕಡಿಮೆ ಕೊಡಲ್ಲ" ಅಂತ ಕೂರುತ್ತಾರೆ. ಇಬೇ ಅನ್ನುವ ಹರಾಜಿನ ವೆಬ್‌ಸೈಟಿನಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ, ಮೊದಲು ಅದನ್ನು ಒತ್ತಿ.

ಕೊಳ್ಳುವುದೆಲ್ಲಿ? ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್‌ಗೆ ಮೊದಲ ಟ್ರೈನಿಗೆ ಹೋಗಿ ಬಂದಿದ್ದೇನೆ. ಅಲ್ಲಿ ಸಿಗುತ್ತವೆ, ಆದರೆ ಕತ್ತಲು, ನೂಕುನುಗ್ಗಲು, ಬೇಗ ಹೇಳು ಅನ್ನುವ ಅವಸರ. ಬಣ್ಣ ಬಳಿದ ಡಯಲ್ ಮಾರಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನನಗೆ ಒಳ್ಳೆಯ ಸರಕು ಸಿಕ್ಕಿದ್ದು ಸಣ್ಣ ಊರಿನ ರಿಪೇರಿ ಅಂಗಡಿಗಳಲ್ಲಿ. ಗುಬ್ಬಿ, ತಿಪಟೂರು, ಶಿರಾ. ಮೊಬೈಲ್ ಬಂದ ಮೇಲೆ ವಾಚು ರಿಪೇರಿ ನಂಬಿ ಬದುಕುವುದು ಕಷ್ಟ, ಹಳಬರು ಅಂಗಡಿ ಎತ್ತುತ್ತಿದ್ದಾರೆ. ರಿಪೇರಿಗೆ ಕೊಟ್ಟು ಇಪ್ಪತ್ತು ವರ್ಷವಾದರೂ ಯಾರೂ ಬಂದು ಒಯ್ಯದ ವಾಚುಗಳು ಬಿಸ್ಕೆಟ್ ಡಬ್ಬಿಯಲ್ಲಿರುತ್ತವೆ. ಅವುಗಳಿಗೆ ಯಾರೂ ಬಣ್ಣ ಬಳಿದಿರುವುದಿಲ್ಲ. ಒಂದು ಮಾತು: ಗಿರಾಕಿಯ ಹೆಸರಿನ ಚೀಟಿ ಕಟ್ಟಿರುವ ವಾಚನ್ನು ನಾನು ತಗೊಳ್ಳುವುದಿಲ್ಲ. ಅದಕ್ಕೆ ಒಡೆಯ ಇದ್ದಾನೆ. ಮಾರುವ ಹಕ್ಕು ಅಂಗಡಿಯವರಿಗೆ ಇದೆಯೋ ಇಲ್ಲವೋ, ನನಗೆ ಆ ತಂಟೆ ಬೇಡ.

ತಂದ ವಾಚಿಗೆ ಎರಡು ಸುತ್ತು ಕೀ ಕೊಡುತ್ತೇನೆ. ಓಡಿದರೆ ಫೋನನ್ನು ಪಕ್ಕದಲ್ಲಿಟ್ಟು ಟಿಕ್ ಟಿಕ್ ಅಳೆಯುವ ಆಪ್ ತೆರೆಯುತ್ತೇನೆ. 0231 ಗಂಟೆಗೆ 18,000 ಬಾರಿ ಬಡಿಯಬೇಕು, ಅಂದರೆ ಸೆಕೆಂಡಿಗೆ ಐದು. ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಮೂರು ನಿಮಿಷ ಹಿಂದೆ ಮುಂದೆ ಆದರೆ ಎಣ್ಣೆ ಒಣಗಿರುತ್ತದೆ, ಸರ್ವಿಸ್ ಬೇಕು. ಆದರೆ ಕೇಸ್ ಪಾಲಿಶ್ ಮಾಡಿಸುವುದನ್ನು ಬಿಟ್ಟಿದ್ದೇನೆ. ಶುರುವಿನಲ್ಲಿ ಒಂದು ಸೋನಾ ಮಾದರಿಯ ಕೇಸನ್ನು ಪೀತಾಂಬರಿ ಪುಡಿ ಹಾಕಿ ಉಜ್ಜಿದ್ದೆ. ಚಿನ್ನದ ಲೇಪನ ಕಿತ್ತು ಒಳಗಿನ ಬಿಳಿ ಲೋಹ ಇಣುಕಿತು. ಆ ವಾಚು ಇವತ್ತಿಗೂ ಮಾರಾಟವಾಗಿಲ್ಲ. ಪೂಜಾ ಸಾಮಾನು ಉಜ್ಜುವ ಕೈಯಲ್ಲಿ ವಾಚು ಮುಟ್ಟಬೇಡಿ.

ಈಗ ಹರಾಜಿಗೆ ಬರೋಣ. ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪಿನ ಹರಾಜಿನಲ್ಲಿ ನಾನಿರುವ ಕಡೆ ನಿಯಮ ಹೀಗಿದೆ: ಶುರುವಿನ ಬೆಲೆ, ಏರಿಕೆ 50 ಅಥವಾ 100, ಮುಗಿಯುವ ಸಮಯ, ಮೂರನ್ನೂ ಮೊದಲೇ ಬರೆಯಬೇಕು. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೂ ಐದು ನಿಮಿಷ ಮುಂದೆ ಹೋಗುತ್ತದೆ. ಊರಿನ ಎಪಿಎಂಸಿ ಹರಾಜಿನ ಹಾಗೇ, ಕೂಗುವವರ ಮುಖ ಕಾಣುವುದಿಲ್ಲ ಅಷ್ಟೇ. ಇಬೇಯಲ್ಲಿ ಹಾಗಲ್ಲ. ಸಮಯ ಮುಗಿದರೆ ಮುಗಿಯಿತು. ಕೊಳ್ಳುವವನು ತನ್ನ ಮನಸ್ಸಿನ ಗರಿಷ್ಠ ಬೆಲೆ ಹಾಕಿಟ್ಟಿರುತ್ತಾನೆ. ಎದುರಾಳಿ ಏರಿಸಿದಷ್ಟೂ ಯಂತ್ರವೇ ಅವನ ಪರವಾಗಿ ಒಂದೊಂದು ಮೆಟ್ಟಿಲು ಏರಿಸುತ್ತದೆ. ಹಾಗಾಗಿ ಒಬ್ಬನೇ ಗಿರಾಕಿ ಇದ್ದರೆ ಅವನು 60 ಡಾಲರ್ ಕೊಡಲು ತಯಾರಿದ್ದರೂ ನಿಮಗೆ ಸಿಗುವುದು ಶುರುವಿನ ಬೆಲೆ ಮಾತ್ರ. ಇಬ್ಬರು ಬೇಕು. ಹರಾಜಿನ ಗುಟ್ಟೆಲ್ಲ ಆ ಎರಡನೆಯವನು ಬರುವ ಹಾಗೆ ಮಾಡುವುದರಲ್ಲಿದೆ.

ಇದನ್ನು ಕಲಿತದ್ದು ಒಂದು ಕಾಂಚನ್ ಕಳೆದುಕೊಂಡು. ಎಂಬತ್ತರ ದಶಕದಲ್ಲಿ ಅಳಿಯನಿಗೆ ಕಾಂಚನ್ ಕೊಡಿಸಲು ಮಾವಂದಿರು ಪರದಾಡುತ್ತಿದ್ದ ಕಾಲ ಇತ್ತು. ಆಟೋಮ್ಯಾಟಿಕ್, ವಾರ ತಾರೀಖು ಎರಡೂ ಇರುವ ಚೌಕಾಕಾರದ ವಾಚು. ನನಗೆ ಸಿಕ್ಕಿದ್ದು ಒಳ್ಳೆಯ ಒರಿಜಿನಲ್, ಸರ್ವಿಸ್ ಸೇರಿ 2,200 ಬಿದ್ದಿತ್ತು. ಜನ ಮುಗಿಬೀಳುತ್ತಾರೆ ಅಂತ 500ರಿಂದ ಶುರು ಮಾಡಿ ಬುಧವಾರ ಮಧ್ಯಾಹ್ನ 2 ಗಂಟೆಗೆ ಮುಗಿಯುವ ಹಾಗೆ ಹಾಕಿದೆ. ನನಗೆ ಅವತ್ತು ರಜೆ ಇತ್ತು, ಅದೊಂದೇ ಕಾರಣ. ಊರೆಲ್ಲ ಕೆಲಸದಲ್ಲಿತ್ತು. 1,500ಕ್ಕೆ ನಿಂತಿತು. ಗುಂಪಿನ ನಿಯಮ ಪ್ರಕಾರ ಕೊಡಲೇಬೇಕು, ಕೊಟ್ಟೆ. ಮುಂದಿನ ತಿಂಗಳು ಅದೇ ವಾಚು, ಅದೇ ಗುಂಪಿನಲ್ಲಿ, ಭಾನುವಾರ ರಾತ್ರಿ 4,000ಕ್ಕೆ ಹೋಯಿತು. ಫೋಟೋದಲ್ಲಿ ನಾನೇ ಹಾಕಿಸಿದ ಬೆಲ್ಟ್ ಇತ್ತು!

ಈಗ ಶುರುವಿನ ಬೆಲೆ ಅಸಲಿಗಿಂತ ಕೆಳಗೆ ಇಡುವುದಿಲ್ಲ. ನಮ್ಮ ಗುಂಪುಗಳಲ್ಲಿ ಭಾನುವಾರ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಜನ ಫೋನ್ ಹಿಡಿಯುವ ಹೊತ್ತು. ಅಮೆರಿಕದವರಿಗೆ ಅಂತ ಹಾಕಿದರೆ ಅವರ ಭಾನುವಾರ ರಾತ್ರಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ 9 ಗಂಟೆ ಅಂದರೆ ನಮಗೆ ಸೋಮವಾರ ಬೆಳಿಗ್ಗೆ 6:30. ಹಾಲು ತರಲು ಹೋದವನು ಬೂತಿನ ಮುಂದೆ ನಿಂತು ಬಿಡ್ ನೋಡುತ್ತಿರುತ್ತೇನೆ.

ಸ್ನೇಹಿತನೊಬ್ಬ "ಎರಡನೆಯವನು ಬೇಕು ಅಂತೀಯಲ್ಲ, ನಾನೇ ಇನ್ನೊಂದು ಹೆಸರಲ್ಲಿ ಕೂಗ್ತೀನಿ ಬಿಡು" ಅಂದ. ಬೇಡ ಅಂದೆ. ಅದು ಎಲ್ಲ ಕಡೆಯೂ ನಿಷಿದ್ಧ. ಸಿಕ್ಕಿಬಿದ್ದರೆ ಗುಂಪಿನಿಂದ ಹೊರಗೆ. ಅಲ್ಲದೆ ಎಷ್ಟೋ ಸಲ ಗಿರಾಕಿ ಅಲ್ಲಿಗೇ ಕೈಬಿಟ್ಟು, ಸ್ನೇಹಿತನೇ ಗೆದ್ದು ವಾಚು ನಿಮ್ಮ ಹತ್ತಿರವೇ ಉಳಿಯುತ್ತದೆ.

ಫೋಟೋಗೆ ದೊಡ್ಡ ಕ್ಯಾಮೆರಾ ಬೇಡ. ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಮನೆಯ ಉತ್ತರದ ಕಿಟಕಿಯಲ್ಲಿ ಬಿಸಿಲು ಬೀಳದ ಬೆಳಕು ಇರುತ್ತದೆ, ಅದೇ ಸಾಕು. ಡಯಲ್, ಎರಡು ಪಕ್ಕ, ಹಿಂಬದಿ, ಮುಚ್ಚಳ ತೆಗೆದ ಮೆಷಿನ್. ಮೆಷಿನ್ ಫೋಟೋ ಇಲ್ಲದ ವಾಚಿಗೆ ಬಲ್ಲವರು ಬಿಡ್ ಹಾಕುವುದಿಲ್ಲ. ವಿವರದಲ್ಲಿ ದೋಷ ಮೊದಲು ಬರೆಯುತ್ತೇನೆ: ಗಾಜು ಹೊಸದು, ಕೀ ಒರಿಜಿನಲ್ ಅಲ್ಲ, ಏಳರ ಹತ್ತಿರ ಸಣ್ಣ ಕಲೆ. ಹೀಗೆ ಬರೆಯಲು ಶುರು ಮಾಡಿದ ಮೇಲೆ ವಾಪಸ್ ಬಂದದ್ದು ಒಂದೇ ಒಂದು, ಅದೂ ದಾರಿಯಲ್ಲಿ ಗಾಜು ಒಡೆದು. ಆ ಕೆಂಪು ಪೈಲಟ್ಟನ್ನೂ ಮತ್ತೆ ಹಾಕಿದೆ. "ಬಣ್ಣ ಬಳಿದ ಡಯಲ್, ಒರಿಜಿನಲ್ ಅಲ್ಲ, ಮೆಷಿನ್ ಗಟ್ಟಿ" ಅಂತ ಮೊದಲ ಸಾಲಲ್ಲೇ ಬರೆದೆ. ಹುಬ್ಬಳ್ಳಿಯ ಕಾಲೇಜು ಹುಡುಗನೊಬ್ಬ 1,100ಕ್ಕೆ ತಗೊಂಡ. ಅವನಿಗೆ ಬೇಕಿದ್ದದ್ದೇ ಕೆಂಪು.

ಗಾಜು ಒಡೆದ ಮೇಲೆ ಪ್ಯಾಕಿಂಗ್ ಬದಲಾಯಿತು. ಕೀ ಮೇಲೆ ಒತ್ತಡ ಬೀಳದ ಹಾಗೆ ವಾಚಿಗೆ ಮೊದಲು ಹತ್ತಿ ಬಟ್ಟೆ, ಆಮೇಲೆ ಬಬಲ್ ಕವರ್, ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ. ಕಿವಿ ಹತ್ತಿರ ಇಟ್ಟು ಅಲ್ಲಾಡಿಸುತ್ತೇನೆ. ಸದ್ದು ಬಂದರೆ ಮತ್ತೆ ಬಿಚ್ಚುವುದು. ಪೆಟ್ಟಿಗೆ ಮುಚ್ಚುವ ತನಕ ಒಂದೇ ವಿಡಿಯೋ.

ವಿದೇಶಕ್ಕೆ ಕಳಿಸಲು ಐಇಸಿ, ಅಂದರೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್ ಮಾಡಿಸಿದೆ, ಆನ್‌ಲೈನ್‌ನಲ್ಲೇ 500 ರೂಪಾಯಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ರಫ್ತಿನ ಕಾಗದ ಪತ್ರ ಮಾಡಬಹುದು. ಕೀ ಕೊಡುವ ವಾಚಿಗೆ ಸೆಲ್ ಇಲ್ಲದಿರುವುದು ಇಲ್ಲಿ ದೊಡ್ಡ ಅನುಕೂಲ. ಸೆಲ್ ಇರುವ ಪಾರ್ಸೆಲ್‌ಗೆ ತಕರಾರು ಜಾಸ್ತಿ. 2025ರ ಆಗಸ್ಟ್ ಕೊನೆಗೆ ಅಮೆರಿಕ ಸಣ್ಣ ಪಾರ್ಸೆಲ್‌ಗಳ ಸುಂಕ ವಿನಾಯಿತಿ ತೆಗೆದಾಗ ಅಲ್ಲಿಗೆ ಅಂಚೆ ಕೆಲವು ವಾರ ನಿಂತಿತ್ತು, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಈಗ ಸುಂಕ ಯಾರು ಕೊಡಬೇಕು ಅನ್ನುವುದನ್ನು ಮೊದಲೇ ಬರೆಯದೆ ನಾನು ಹಾಕುವುದಿಲ್ಲ. ಜಿಎಸ್‌ಟಿಯಲ್ಲಿ ಸೆಕೆಂಡ್ ಹ್ಯಾಂಡ್ ವಸ್ತುಗಳಿಗೆ ಮಾರ್ಜಿನ್ ಸ್ಕೀಮ್ ಅಂತ ಇದೆ, ಷರತ್ತು ಪಾಲಿಸಿದರೆ ಕೊಂಡದ್ದಕ್ಕೂ ಮಾರಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಮಾತ್ರ ತೆರಿಗೆ. ಬೇರೆ ರಾಜ್ಯಕ್ಕೆ ಮಾರುವ ಮೊದಲು ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಲಾಭ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕಳೆದ ತಿಂಗಳ ಒಂದು ಜನತಾದ ಲೆಕ್ಕ: ವಾಚು 700, ಸರ್ವಿಸ್ 400, ಗಾಜು 60, ಬೆಲ್ಟ್ 150, ಡಬ್ಬಿ ಕವರ್ 40, ಅಂಚೆ 90. ಒಟ್ಟು 1,440. ಹೋದದ್ದು 1,900ಕ್ಕೆ. ಉಳಿದದ್ದು 460 ರೂಪಾಯಿ, ಎರಡು ಸಂಜೆಯ ಕೆಲಸ. ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆ ಅನ್ನುವವರಿಗೆ ಈ ಪುಟ ತೋರಿಸುತ್ತೇನೆ.

ತಾತನಿಗೆ ಈಗ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಆರು ವಾರ ಐ ಗ್ಲಾಸ್ ಮುಟ್ಟುವ ಹಾಗಿಲ್ಲವಂತೆ. ಅವರ ಬೆಂಚಿನ ಮೇಲೆ ನನ್ನ ಮೂರು ವಾಚು ಬಿಚ್ಚಿದ ಹಾಗೇ ಇವೆ, ಸ್ಕ್ರೂಗಳು ಗಾಜಿನ ಬಟ್ಟಲಲ್ಲಿ, ಮೇಲೆ ಒಂದು ಲೋಟ ಬೋರಲು. ನಿನ್ನೆ ಹೋದಾಗ ಹೊಸದಾಗಿ ತಂದ ಒಂದು ಕಪ್ಪು ಪೈಲಟ್ ತೋರಿಸಿದೆ. "ನನಗೆ ಕಾಣಲ್ಲ, ನೀನೇ ನೋಡಿ ಹೇಳು" ಅಂದರು. ಆರರ ಹತ್ತಿರದ ಗೆರೆ ನೇರ ಇದೆ, ಅಕ್ಷರ ಚೂಪಾಗಿದೆ, ಚುಕ್ಕೆಗಳು ಒಂದೇ ಸಮ ಇವೆ ಅಂದೆ.

"ಅಂಚಿಗೆ ಉಗುರು ಹಾಕಿದೆಯಾ?" ಅಂತ ಕೇಳಿದರು. ಅದನ್ನು ಮರೆತಿದ್ದೆ.