ಗೆರೆಯ ಮೇಲೋ, ಕೆಳಗೋ: ಋಣ ಘಾತಾಂಕ ನನಗೆ ತಿಳಿದ ಬಗೆ

ಶಾಲೆಯಲ್ಲಿದ್ದಾಗ 3⁻² ಎಷ್ಟು ಅಂತ ಕೇಳಿದರೆ ನಾನು −9 ಅನ್ನುತ್ತಿದ್ದೆ. ಒಂದೊಂದು ಸಲ −6. ಎರಡನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತಿದ್ದೆ. ಆಮೇಲೆ ಸೂತ್ರ ಬಾಯಿಪಾಠ ಮಾಡಿದೆ, ಪರೀಕ್ಷೆ ದಾಟಿದೆ, ಮರೆತೆ. ಎಷ್ಟೋ ವರ್ಷದ ಮೇಲೆ ಅಕ್ಕನ ಮಗಳ ಪಕ್ಕ ಲೆಕ್ಕದ ಪುಸ್ತಕ ಹಿಡಿದು ಕೂತಾಗ ಅವಳು ಕೇಳಿದಳು: "ಚಿಕ್ಕಮ್ಮ, ಎರಡನ್ನ ಮೂರು ಸಲ ಗುಣಿಸೋದು ಗೊತ್ತು. ಮೈನಸ್ ಮೂರು ಸಲ ಗುಣಿಸೋದು ಹೇಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಅದು ರೂಲು, ಸುಮ್ನೆ ಹಾಗೆ ಬರಿ" ಅಂದೆ. ಅವಳು ಬರೆದಳು. ಆದರೆ ನನಗೇ ನಾಚಿಕೆಯಾಯಿತು. ಆ ರಾತ್ರಿ ಒಂದು ಹಾಳೆ ತೆಗೆದುಕೊಂಡು ಸೂತ್ರ ಎಲ್ಲ ಬಿಟ್ಟು ಬರೀ ಅಂಕಿ ಬರೆದೆ.

2³ = 8
2² = 4
2¹ = 2

ಒಂದೊಂದು ಮೆಟ್ಟಿಲು ಇಳಿದಾಗಲೂ ಘಾತಾಂಕ (ಮೇಲೆ ಕೂತಿರುವ ಪುಟ್ಟ ಅಂಕಿ) ಒಂದು ಕಡಿಮೆ, ಬೆಲೆ ಅರ್ಧ. ಇಲ್ಲಿಗೇ ಯಾಕೆ ನಿಲ್ಲಬೇಕು? ಇನ್ನೊಂದು ಮೆಟ್ಟಿಲು ಇಳಿದರೆ 2⁰, ಅಂದರೆ 2ರ ಅರ್ಧ, 1. ಇನ್ನೂ ಇಳಿದರೆ 2⁻¹ = 1/2, 2⁻² = 1/4, 2⁻³ = 1/8. ಎಷ್ಟು ಸಲ ಅರ್ಧ ಮಾಡಿದರೂ ಸೊನ್ನೆಗಿಂತ ಕೆಳಗೆ ಹೋಗುವುದೇ ಇಲ್ಲ. 3ಕ್ಕೂ ಹೀಗೇ, ಅಲ್ಲಿ ಒಂದೊಂದು ಮೆಟ್ಟಿಲಿಗೂ ಬೆಲೆ ಮೂರನೇ ಒಂದು ಭಾಗವಾಗುತ್ತದೆ. ಹಾಗಾಗಿ 3⁻² ಅಂದರೆ 1/9. ನನ್ನ −9 ಎಲ್ಲಿಂದಲೂ ಬರುವ ಹಾಗಿರಲಿಲ್ಲ.

ಅವಳ ಪ್ರಶ್ನೆಗೆ ಉತ್ತರವೂ ಅಲ್ಲೇ ಇತ್ತು. ಎರಡನ್ನು ಮೈನಸ್ ಮೂರು ಸಲ ಗುಣಿಸುವುದು ಅಂದರೆ 1 ಅನ್ನು ಎರಡರಿಂದ ಮೂರು ಸಲ ಭಾಗಿಸುವುದು.

ಸಮಾಧಾನಕ್ಕೆ ಒಂದು ಮಾತು. ಇದಕ್ಕೆ ತಡಕಾಡಿದ್ದು ನಾನೊಬ್ಬಳೇ ಅಲ್ಲ. ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ 1484ರಲ್ಲೇ ಸೊನ್ನೆ ಮತ್ತು ಋಣ ಘಾತಾಂಕಗಳನ್ನು ಬಳಸಿದ್ದ. ಅವನ ಹಸ್ತಪ್ರತಿ ಅಚ್ಚಾಗಿದ್ದು 1880ರಲ್ಲಿ! ಈಗ ನಾವು ಬರೆಯುವ ರೀತಿಯಲ್ಲಿ ನ್ಯೂಟನ್ ಬರೆದದ್ದು 1676ರ ಒಂದು ಕಾಗದದಲ್ಲಿ. ನನಗೆ ಒಂದು ರಾತ್ರಿ ಹಿಡಿಯಿತು ಅಂದರೆ ಪರವಾಗಿಲ್ಲ ಅಲ್ವಾ?

ಇನ್ನು ಅಕ್ಷರಗಳಿಗೆ ಬರೋಣ. ಇಲ್ಲಿ ಚರಾಕ್ಷರಗಳಿಗೆ ಅ, ಬ ಅಂತ ಬರೆಯುತ್ತೇನೆ.

ಅ³ ÷ ಅ³ ಅನ್ನು ಎರಡು ದಾರಿಯಲ್ಲಿ ಮಾಡಬಹುದು. ಮೇಲೂ ಕೆಳಗೂ ಹೊಡೆದುಹಾಕಿದರೆ 1. ಘಾತಾಂಕ ಕಳೆದರೆ ಅ⁰. ಎರಡೂ ಒಂದೇ ಲೆಕ್ಕ, ಹಾಗಾಗಿ ಅ⁰ = 1. ಅ ಸೊನ್ನೆ ಆಗಿರಬಾರದು, ಅಷ್ಟೇ. ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದಲ್ಲ. ಅ³ ÷ ಅ⁵ ಮಾಡಿದರೂ ಇದೇ ಕಥೆ. ಹೊಡೆದುಹಾಕಿದರೆ 1/ಅ² ಉಳಿಯುತ್ತದೆ, ಕಳೆದರೆ ಅ⁻².

ನನಗೆ ತಲೆಗೆ ಹತ್ತಿದ್ದು ಇಲ್ಲಿ. ಘಾತಾಂಕದ ಮೈನಸ್ ಬೆಲೆ ಋಣವೋ ಧನವೋ ಅನ್ನುವುದರ ಬಗ್ಗೆ ಏನೂ ಹೇಳುತ್ತಿಲ್ಲ, ಜಾಗದ ಬಗ್ಗೆ ಹೇಳುತ್ತಿದೆ. ಅಂಶದಲ್ಲಿರುವ ಅ⁻² ಭಿನ್ನರಾಶಿಯ ಗೆರೆ ದಾಟಿ ಛೇದಕ್ಕೆ ಇಳಿದರೆ ಅ² ಆಗುತ್ತದೆ. ಛೇದದಲ್ಲಿರುವ ಬ⁻⁵ ಮೇಲೆ ಹತ್ತಿದರೆ ಬ⁵ ಆಗುತ್ತದೆ. ಗೆರೆ ದಾಟಿದಾಗ ಘಾತಾಂಕದ ಚಿಹ್ನೆ ಮಾತ್ರ ಬದಲು.

ಆದರೆ ದಾಟುವುದು ಯಾರು ಅನ್ನುವುದರಲ್ಲಿ ತುಂಬ ದಿನ ಎಡವಿದೆ. 5ಅ⁻² ಅನ್ನು 1/(5ಅ²) ಅಂತ ಬರೆಯುತ್ತಿದ್ದೆ. ತಪ್ಪು. ಘಾತಾಂಕ ಕೂತಿರುವುದು ಅ ಮೇಲೆ, ಪಾಪ 5 ಏನು ಮಾಡಿತ್ತು? ಅದು ಮೇಲೇ ಇರುತ್ತದೆ, ಉತ್ತರ 5/ಅ². ಆವರಣ ಇದ್ದು (5ಅ)⁻² ಆಗಿದ್ದರೆ ಇಬ್ಬರೂ ಇಳಿಯಬೇಕು: 1/(25ಅ²). ಸೊನ್ನೆಗೂ ಇದೇ ಮಾತು. 5ಅ⁰ = 5, ಆದರೆ (5ಅ)⁰ = 1. ಇನ್ನೂ ಕಿರಿಕಿರಿಯದು −7⁰. ಘಾತಾಂಕ ಇರುವುದು 7ಕ್ಕೆ, ಹೊರಗಿನ ಮೈನಸ್‌ಗೆ ಅಲ್ಲ. ಅದಕ್ಕೇ ಅದು −1. (−7)⁰ ಆದರೆ 1. ಈಗಲೂ ಲೆಕ್ಕ ಶುರು ಮಾಡುವ ಮುಂಚೆ ಪ್ರತಿ ಘಾತಾಂಕದಿಂದ ಅದರ ಆಧಾರಕ್ಕೆ (ಅದು ಯಾವುದರ ಮೇಲೆ ಕೂತಿದೆಯೋ ಅದಕ್ಕೆ) ಪೆನ್ಸಿಲಿನಲ್ಲಿ ಸಣ್ಣ ಬಾಣ ಹಾಕುತ್ತೇನೆ. ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ದೊಡ್ಡ ಲೆಕ್ಕಕ್ಕೆ ನಾನು ಕಂಡುಕೊಂಡ ಕ್ರಮ ಹೀಗಿದೆ. ಇದನ್ನು ನೋಡಿ:

[(12ಅ⁻³ಬ²) / (4ಅ²ಬ⁻⁵)]⁻²

ಮೊದಲೆಲ್ಲ ಮೈನಸ್ ಕಂಡ ತಕ್ಷಣ ಒಂದನ್ನು ಕೆಳಗಿಳಿಸು, ಇನ್ನೊಂದನ್ನು ಮೇಲೆ ಹತ್ತಿಸು, ಹೊರಗಿನ −2 ಇದೆ ಅಂತ ಇಡೀ ಭಿನ್ನರಾಶಿಯನ್ನೇ ತಿರುಗಿಸು, ಹೀಗೆ ಮಾಡಿ ಯಾವುದು ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತಿತ್ತು. ಈಗ ಯಾರನ್ನೂ ಅಲ್ಲಾಡಿಸುವುದಿಲ್ಲ. ಮೊದಲು ಅಂಕಿಗಳು: 12 ÷ 4 = 3. ಆಮೇಲೆ ಅ: −3 − 2 = −5. ಆಮೇಲೆ ಬ: 2 − (−5) = 7. ಈ ಬ ಹತ್ತಿರ ನಿಧಾನ. ಅವಸರದಲ್ಲಿ 2 − 5 ಮಾಡಿ −3 ಬರೆದದ್ದಕ್ಕೆ ಲೆಕ್ಕವಿಲ್ಲ. ಈಗ ಆವರಣದೊಳಗೆ ಇರುವುದು ಇಷ್ಟೇ:

(3ಅ⁻⁵ಬ⁷)⁻²

ಹೊರಗಿನ −2 ಪ್ರತಿ ಘಾತಾಂಕವನ್ನೂ ಗುಣಿಸುತ್ತದೆ. 3ರ ಘಾತಾಂಕ 1 ಅಂತ ನೆನಪಿರಲಿ, ಅದನ್ನು ಬಿಟ್ಟುಬಿಡುವುದು ಸುಲಭ.

3⁻²ಅ¹⁰ಬ⁻¹⁴

ಗೆರೆ ದಾಟಿಸುವ ಕೆಲಸ ಈಗ, ಕಡೆಗೆ, ಒಂದೇ ಸಲ: ಅ¹⁰ / (9ಬ¹⁴).

ಸರಿ ಇದೆಯಾ ಅಂತ ನೋಡಲು ಉತ್ತರದ ಪುಟ ತೆರೆಯುವುದನ್ನು ಬಿಟ್ಟಿದ್ದೇನೆ. ಅಕ್ಷರದ ಜಾಗದಲ್ಲಿ ಅಂಕಿ ಹಾಕುತ್ತೇನೆ. ಅ = 2, ಬ = 1 ಅಂದುಕೊಳ್ಳಿ. ಅಂಶ 12/8, ಛೇದ 16, ಭಾಗಿಸಿದರೆ 3/32. ಅದರ −2 ಘಾತ 1024/9. ನಮ್ಮ ಉತ್ತರದಲ್ಲಿ 2¹⁰ / 9, ಅದೂ 1024/9. ಎರಡಕ್ಕೂ 1 ಹಾಕಬೇಡಿ. 1ರ ಯಾವ ಘಾತವೂ 1 ತಾನೇ, ಘಾತಾಂಕದ ತಪ್ಪು ಸಿಕ್ಕುವುದೇ ಇಲ್ಲ. ಇಲ್ಲಿ ಬ = 1 ಇರುವುದರಿಂದ ಬ ಲೆಕ್ಕ ಪರೀಕ್ಷೆ ಆಗಲಿಲ್ಲ, ಅದಕ್ಕೆ ಇನ್ನೊಮ್ಮೆ ತಿರುವು ಮುರುವು ಮಾಡಿ ನೋಡಬೇಕು.

ಇಷ್ಟು ಕಲಿತ ಮೇಲೆ ಸ್ವಲ್ಪ ಜಂಬ ಬಂದಿತ್ತು. ಅದನ್ನು ಇಳಿಸಿದ್ದು ಕೂಡುವ ಚಿಹ್ನೆ.

(ಅ⁻¹ + ಬ⁻¹)⁻¹

ನಾನು ಯೋಚನೆಯನ್ನೇ ಮಾಡದೆ ಅ + ಬ ಅಂತ ಬರೆದೆ. ಪರೀಕ್ಷೆಗೆ ಎರಡಕ್ಕೂ 2 ಹಾಕಿದೆ. ಒಳಗೆ 1/2 + 1/2 = 1, ಅದರ ವ್ಯುತ್ಕ್ರಮವೂ (1ನ್ನು ಅದರಿಂದ ಭಾಗಿಸಿದ್ದು) 1. ನನ್ನ ಉತ್ತರ 4. ಎಲ್ಲಿಯ 1, ಎಲ್ಲಿಯ 4! ಹೊರಗಿನ ಘಾತಾಂಕ ಒಳಗೆ ಹಂಚಿಕೆಯಾಗುವುದು ಗುಣಾಕಾರ, ಭಾಗಾಕಾರ ಇದ್ದಾಗ ಮಾತ್ರ. ಕೂಡುವುದು, ಕಳೆಯುವುದು ಬಂದರೆ ಮೊದಲು ಒಳಗಿನದನ್ನು ಒಂದೇ ಭಿನ್ನರಾಶಿ ಮಾಡಬೇಕು: (ಅ + ಬ)/(ಅಬ). ಆಮೇಲೆ ತಿರುಗಿಸಿದರೆ ಅಬ/(ಅ + ಬ). ವಿದ್ಯುತ್ ಪಾಠದಲ್ಲಿ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಬರುವ ಸೂತ್ರ ಇದೇ ಅಂತ ಆಮೇಲೆ ಹೊಳೆಯಿತು. 2 ಓಮ್‌ನ ಎರಡು ಸೇರಿ 1 ಓಮ್.

ಕೂಡುವ ಲೆಕ್ಕದಲ್ಲಿ ನನಗೆ ಇಷ್ಟವಾದ ಇನ್ನೊಂದು ದಾರಿ, ಎಲ್ಲಕ್ಕಿಂತ ಚಿಕ್ಕ ಘಾತಾಂಕವನ್ನು ಹೊರಗೆ ತೆಗೆಯುವುದು. ಅ⁻² + ಅ⁻³ ರಲ್ಲಿ ಚಿಕ್ಕದು −3. (−2 ಚಿಕ್ಕದು ಅಂತ ಕಣ್ಣು ಮೋಸ ಮಾಡುತ್ತದೆ.) ಅ⁻³ ಹೊರಗೆ ಬಂದರೆ ಒಳಗೆ ಅ + 1 ಉಳಿಯುತ್ತದೆ. ಉತ್ತರ (ಅ + 1)/ಅ³.

ಮೊನ್ನೆ ಅಕ್ಕನ ಮಗಳೇ ಒಂದು ಲೆಕ್ಕ ತಂದು ನನ್ನ ಮುಂದಿಟ್ಟಳು.

(ಅ⁻¹ + ಬ⁻¹) / (ಅ⁻² − ಬ⁻²)

ನಾನು ಮೇಲೆ ಕೆಳಗೆ ಎರಡೂ ಕಡೆ ಭಿನ್ನರಾಶಿ ಮಾಡುತ್ತಾ ಅರ್ಧ ಹಾಳೆ ತುಂಬಿಸಿದೆ. ಅವಳು ಛೇದವನ್ನು ವರ್ಗಗಳ ವ್ಯತ್ಯಾಸ ಅಂತ ಗುರುತಿಸಿ (ಅ⁻¹ + ಬ⁻¹)(ಅ⁻¹ − ಬ⁻¹) ಅಂತ ಬಿಡಿಸಿದಳು, ಮೇಲಿನದನ್ನು ಹೊಡೆದುಹಾಕಿದಳು, ಎರಡೇ ಸಾಲಿನಲ್ಲಿ ಅಬ/(ಬ − ಅ) ಅಂತ ಮುಗಿಸಿದಳು. ನಾನು ಅ = 1, ಬ = 2 ಹಾಕಿ ನೋಡಿದೆ. ಎರಡೂ ಕಡೆ 2 ಬಂತು.