ಕತ್ತಲೆ ತಿಂಗಳುಗಳಿಗೆ ನೀಲಿ ಲೈನು

ಸ್ಟಾಕ್‌ಹೋಮ್‌ಗೆ ಬಂದ ಹೊಸದರಲ್ಲಿ ಎಲ್ಲರೂ ಹಳೇ ಪೇಟೆ ಗಾಮ್ಲಾ ಸ್ತಾನ್‌ನ ಗಲ್ಲಿಗಳ ಫೋಟೊ ತೆಗೆದು ಊರಿಗೆ ಕಳಿಸುತ್ತಾರೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಆಗ ಕ್ಯಾಮೆರಾ ಬೀರು ಸೇರುತ್ತದೆ. ಅದನ್ನು ಅಲ್ಲಿಡಬೇಡಿ, ಮೆಟ್ರೊದ ನೀಲಿ ಲೈನಿಗೆ ತೆಗೆದುಕೊಂಡು ಹೋಗಿ.

1975ರಲ್ಲಿ ಶುರುವಾದ ಲೈನು ಇದು. ಬಂಡೆ ಸಿಡಿಸಿ, ಅದರ ಉಬ್ಬುತಗ್ಗು ಹಾಗೇ ಬಿಟ್ಟು, ಮೇಲೆ ಕಾಂಕ್ರೀಟ್ ಸಿಂಪಡಿಸಿ ಬಣ್ಣ ಬಳಿದಿದ್ದಾರೆ. ಗುಹೆಯೊಳಗೆ ರೈಲು ಬಂದ ಹಾಗಿರುತ್ತದೆ.

ಮೆಟ್ರೊದ ಮುಖ್ಯ ನಿಲ್ದಾಣ ಟಿ-ಸೆಂಟ್ರಾಲೆನ್‌ನಲ್ಲಿ ಗುಹೆಯ ಮೇಲೆ ನೀಲಿ ಬಳ್ಳಿಯ ಚಿತ್ರವಿದೆ. ಹೊಸಬರು ಕೆಂಪು, ಹಸಿರು ಲೈನುಗಳ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು "ನೀಲಿ ಬಳ್ಳಿ ಎಲ್ಲಿ?" ಅನ್ನುತ್ತಾರೆ. ಇನ್ನೂ ಕೆಳಗೆ ಇಳಿಯಬೇಕು. ಕಲಾವಿದ ಪೇರ್ ಓಲೋಫ್ ಉಲ್ತ್ವೆಟ್ ಅಲ್ಲಿ ಬಳ್ಳಿ ಮಾತ್ರವಲ್ಲ, ನಿಲ್ದಾಣ ಕಟ್ಟಿದ ಕೆಲಸಗಾರರ ನೆರಳುಚಿತ್ರಗಳನ್ನೂ ಬರೆದಿದ್ದಾರೆ. ನನಗೆ ಅವೇ ಇಷ್ಟ.

ಸೋಲ್ನಾ ಸೆಂಟ್ರುಮ್ ನಿಲ್ದಾಣಕ್ಕೆ ಮಾತ್ರ ಒಂದು ಗಂಟೆ ಇಟ್ಟುಕೊಳ್ಳಿ. ಮೇಲೆಲ್ಲ ಕೆಂಪು ಆಕಾಶ, ಕೆಳಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಸ್ಪ್ರೂಸ್ ಮರಗಳ ಕಾಡು, ಎಲ್ಲ ಬಣ್ಣದಲ್ಲಿ ಬರೆದದ್ದು. ಮೊದಲು ಇಷ್ಟೇ ಇತ್ತು. ಆಮೇಲೆ ಇದನ್ನು ಬರೆದ ಇಬ್ಬರು ಕಲಾವಿದರು ಕಾಡು ಕಡಿಯುವುದು, ಹಳ್ಳಿಗಳು ಖಾಲಿಯಾಗುವುದು, ಹೀಗೆ 1970ರ ದಶಕದ ಸ್ವೀಡನ್ನಿನ ಚಿಂತೆಗಳನ್ನೂ ಸೇರಿಸಿದರು. ಆ ಕೆಂಪನ್ನು ಫೋನು ತಾನಾಗಿ ಬೆಳ್ಳಗೆ ಮಾಡಿಬಿಡುತ್ತದೆ. ಚಾವಣಿಯ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ನಾನು ಹಾಗೆ ತೆಗೆದ ಫೋಟೊ ನೋಡಿ ಅಮ್ಮ ಫೋನ್ ಮಾಡಿದ್ದರು: "ಬೆಂಕಿ ಗಿಂಕಿ ಬಿತ್ತೇನೋ?"

ರೈಲು ಹೊರಟ ಮೇಲೆ ಒಂದೆರಡು ನಿಮಿಷ ಪ್ಲಾಟ್‌ಫಾರ್ಮ್ ಖಾಲಿ ಇರುತ್ತದೆ, ಆಗ ತೆಗೆಯಿರಿ. ಫ್ಲಾಶ್ ಬೇಡ, ಚಾಲಕರ ಕಣ್ಣಿಗೆ ಹೊಡೆಯುತ್ತದೆ. ಮಕ್ಕಳ ಮುಖವೂ ಬೇಡ.

ಜಾಸ್ತಿ ಜನ ಇಷ್ಟಕ್ಕೇ ಮನೆಗೆ ಹೋಗುತ್ತಾರೆ. ನೀವು ಟೆನ್ಸ್‌ತಾಗೂ ಹೋಗಿ. ಅದು ಇನ್ನೊಂದು ಕವಲಿನಲ್ಲಿದೆ, ವೆಸ್ತ್ರಾ ಸ್ಕೂಗೆನ್‌ನಲ್ಲಿ ರೈಲು ಬದಲಿಸಿ 10ನೇ ನಂಬರ್ ಹತ್ತಬೇಕು. ಸಿಂಗಲ್ ಟಿಕೆಟ್ 75 ನಿಮಿಷಕ್ಕೆ ಮುಗಿಯುತ್ತದೆ, ತಿಂಗಳ ಪಾಸಿದ್ದರೆ ಆರಾಮ. ಕಲಾವಿದೆ ಹೆಲ್ಗಾ ಹೆನ್‌ಶೆನ್ ಈ ನಿಲ್ದಾಣವನ್ನು ವಲಸೆ ಬಂದವರಿಗೆಂದೇ ಮಾಡಿದರು. ಬಿಳಿ ಗೋಡೆಯಲ್ಲಿ ಮಕ್ಕಳು ಬರೆದಂಥ ಹೂವು, ಪ್ರಾಣಿಗಳು. ಒಡಹುಟ್ಟಿದವರ ನಂಟು ಅನ್ನುವ ಅರ್ಥದ ಪದ 18 ಭಾಷೆಗಳಲ್ಲಿದೆ. ಕನ್ನಡ ಇದೆಯಾ ಅಂತ ನಾನೂ ಹುಡುಕಿದ್ದೆ, ನೀವೂ ಹುಡುಕುತ್ತೀರಿ ಬಿಡಿ.

ನಮ್ಮವರು ಜಾಸ್ತಿ ಕೆಲಸ ಮಾಡುವ ಕಿಸ್ತಾದಲ್ಲಿ ಗುಹೆಯಿಲ್ಲ. ನೀಲಿ ಲೈನಿನಲ್ಲಿ ಬಯಲಿನ ನಿಲ್ದಾಣ ಅದೊಂದೇ. ಹಿಮ ಬೀಳುವಾಗ ಅಲ್ಲಿ ನಿಲ್ಲಿ, ಕೈಗವಸು ಮರೆಯಬೇಡಿ. ಅಂದಹಾಗೆ, ಬರೆಯುವುದು ಕಿಸ್ತಾ, ಕರೆಯುವುದು ಶೀಸ್ತಾ.