ಬಿಟಿಎಂ2 ಒತ್ತಿದರೆ ಪಟ್ಟಿ ಖಾಲಿ

ಬಸವನಗುಡಿಯ ನಮ್ಮ ಮನೆಯಲ್ಲಿ ಅತ್ತಿಗೆ ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತಾರೆ. ಆರ್ಡರ್ ಶೀಟ್ ನೋಡಿಕೊಳ್ಳುವುದು ನಾನು. ಅಣ್ಣ ಯಾವ ಕಾಲದಲ್ಲೋ ಎಕ್ಸೆಲ್ 2003ರಲ್ಲಿ ಮಾಡಿಟ್ಟ ಫೈಲು. ಮೊದಲ ಡ್ರಾಪ್‌ಡೌನ್‌ನಲ್ಲಿ ಏರಿಯಾ ಆರಿಸಿದರೆ, ಎರಡನೆಯದರಲ್ಲಿ ಅಲ್ಲಿನ ಮೇನು, ಕ್ರಾಸು ಮಾತ್ರ ಬರಬೇಕು. ಒಳಗಿರುವುದು ಇನ್‌ಡೈರೆಕ್ಟ್ ಅನ್ನೋ ಫಾರ್ಮುಲಾ. ಏರಿಯಾ ಸೆಲ್‌ನಲ್ಲಿ ಏನಿದೆಯೋ ಆ ಹೆಸರಿಟ್ಟ ರೇಂಜನ್ನು, ಅಂದರೆ ಸೆಲ್‌ಗಳ ಗುಂಪನ್ನು, ಹುಡುಕಿ ತರುತ್ತದೆ. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಬೆಂಗಳೂರಿನ ಏರಿಯಾಗಳಿಗೆ ಅಣ್ಣನ ಶಾರ್ಟ್‌ಕಟ್‌ಗಳು: ಬಿಟಿಎಂ2, ಎಚ್‌ಎಸ್‌ಆರ್1, ಬಿಎಸ್‌ಕೆ3, ಜಯ4 (JAYA4, ಅಂದರೆ ಜಯನಗರ 4ನೇ ಬ್ಲಾಕ್), ವೈಪಿಆರ್1.

ಮೊನ್ನೆ ಫೈಲನ್ನು ಹೊಸ ಫಾರ್ಮ್ಯಾಟ್‌ಗೆ ಬದಲಿಸಿದೆ. ಏನೋ ಮೆಸೇಜ್ ಬಂತು, ಓದದೆ ಓಕೆ ಒತ್ತಿದೆ. ಆಮೇಲೆ ಶುರುವಾಯಿತು ನೋಡಿ. ಜಯ4 ಸರಿ, ವೈಪಿಆರ್1 ಸರಿ. ಬಿಟಿಎಂ2, ಎಚ್‌ಎಸ್‌ಆರ್1, ಬಿಎಸ್‌ಕೆ3 ಆರಿಸಿದರೆ ಎರಡನೆಯ ಪಟ್ಟಿ ಖಾಲಿ. ಎರರ್ ಕೂಡ ಇಲ್ಲ.

ಫಾರ್ಮುಲಾದ ಡಾಲರ್ ಚಿಹ್ನೆ ನೋಡಿದೆ, ಸ್ಪೇಸ್ ನೋಡಿದೆ, ಅರ್ಧ ಭಾನುವಾರ ಹೋಯಿತು. ಕೊನೆಗೆ ಸುಮ್ನೆ ಫಾರ್ಮುಲಾ ಬಾರ್‌ನ ಎಡಕ್ಕಿರುವ ನೇಮ್ ಬಾಕ್ಸ್‌ನಲ್ಲಿ ಬಿಟಿಎಂ2 ಅಂತ ಹೊಡೆದು ಎಂಟರ್ ಒತ್ತಿದೆ. ಕ್ರಾಸುಗಳ ಪಟ್ಟಿ ಸೆಲೆಕ್ಟ್ ಆಗುತ್ತೆ ಅಂದುಕೊಂಡಿದ್ದೆ. ಶೀಟು ಸರ್ರನೆ ಬಲಕ್ಕೆ ಓಡಿ ಯಾವುದೋ ಬಟ್ಟಬಯಲಿನಲ್ಲಿ ನಿಂತಿತು. ಮೇಲೆ ನೋಡಿದರೆ ಕಾಲಂ ಹೆಸರೇ ಬಿಟಿಎಂ!

ವಿಷಯ ಇಷ್ಟೇ. 2003ರಲ್ಲಿ ಕಾಲಂ ಇದ್ದದ್ದು 256, ಕೊನೆಯದು ಐವಿ. ಎಕ್ಸೆಲ್ 2007ರಿಂದ 16,384, ಕೊನೆಯದು ಎಕ್ಸ್‌ಎಫ್‌ಡಿ. ಹಾಗಾಗಿ ನಮ್ಮ ಬಿಟಿಎಂ2 ಈಗ ಒಂದು ಸೆಲ್ ವಿಳಾಸ: ಬಿಟಿಎಂ ಕಾಲಂ, 2ನೇ ಸಾಲು. ಇನ್‌ಡೈರೆಕ್ಟ್ ನಿಯತ್ತಾಗಿ ಆ ಸೆಲ್ಲಿಗೇ ಹೋಗಿ ಖಾಲಿ ಕೈಯಲ್ಲಿ ಬರುತ್ತಿತ್ತು. ವೈಪಿಆರ್ ಎಕ್ಸ್‌ಎಫ್‌ಡಿಯಿಂದ ಆಚೆ, ಜಯ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ಕಾಲಂ ಹೆಸರು ಮೂರು ಅಕ್ಷರ ದಾಟುವುದಿಲ್ಲ, ಅದಕ್ಕೇ ಬಚಾವ್. ಹೆಸರುಗಳ ಪಟ್ಟಿ ಇರುವ ನೇಮ್ ಮ್ಯಾನೇಜರ್ ತೆಗೆದರೆ ಎಕ್ಸೆಲ್ ತಾನೇ ಆ ಮೂರು ಹೆಸರುಗಳ ಮುಂದೆ ಅಂಡರ್‌ಸ್ಕೋರ್ ಅಂಟಿಸಿತ್ತು. ನಾನು ಓದದ ಮೆಸೇಜ್ ಅದೇ ಇರಬೇಕು.

ಮೊದಲು ಫಾರ್ಮುಲಾದಲ್ಲೇ ಅಂಡರ್‌ಸ್ಕೋರ್ ಸೇರಿಸಿದೆ. ಮೂರು ಸರಿಯಾದವು, ಉಳಿದವು ಕೆಟ್ಟವು. ಜಾಣತನ ಜಾಸ್ತಿಯಾಯಿತು ಅಂತ ಅದನ್ನು ತೆಗೆದು, ಎಲ್ಲ ಏರಿಯಾಗೂ ನಡುವೆ ಅಂಡರ್‌ಸ್ಕೋರ್ ಇರುವ ಹೆಸರು ಕೊಟ್ಟೆ: ಬಿಟಿಎಂ_2, ಜಯ_4, ಹೀಗೆ. ಮೊದಲ ಪಟ್ಟಿಯಲ್ಲೂ ಹಾಗೇ ಬದಲಿಸಿ, ಹಳೆಯ ಆರ್ಡರ್‌ಗಳಿಗೆ ಫೈಂಡ್ ಅಂಡ್ ರಿಪ್ಲೇಸ್ ಓಡಿಸಿದೆ.

ಇನ್ನೊಂದು ಕಾಟ ಹಳೆಯದು. ಅತ್ತಿಗೆ ಏರಿಯಾ ಬದಲಿಸಿದರೂ ಪಕ್ಕದ ಕ್ರಾಸು ತಾನಾಗಿ ಅಳಿಸುವುದಿಲ್ಲ. ಡೇಟಾ ವ್ಯಾಲಿಡೇಶನ್ ಬಾಣದ ಕೆಳಗೆ ಸರ್ಕಲ್ ಇನ್‌ವ್ಯಾಲಿಡ್ ಡೇಟಾ ಇದೆ. ಒತ್ತಿದರೆ ತಾಳೆಯಾಗದ ಸೆಲ್‌ಗಳ ಸುತ್ತ ಕೆಂಪು ಸುತ್ತು ಬೀಳುತ್ತದೆ. ಅವತ್ತು ಮೂರು ಬಿದ್ದವು. ಅದರಲ್ಲೊಂದರ ಹಪ್ಪಳ ಆಗಲೇ ಸ್ಕೂಟರ್ ಹತ್ತಿತ್ತು. ಡೆಲಿವರಿ ಹುಡುಗನಿಗೆ ಫೋನ್ ಮಾಡಿ ಲಾಲ್‌ಬಾಗ್ ಹತ್ತಿರ ನಿಲ್ಲಿಸಿದೆ.